ಸ್ಟ್ಯಾಂಡಿನ ಮೇಲೆ ಪಾಸಾದ ವಾಕಿಟಾಕಿ

ಮಾರ್ಚ್ ೧೨, ಗುರುವಾರ

ಪರೀಕ್ಷಾ ವರದಿಗೆ ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ.

ಅಗ್ನಿಶಾಮಕ ದಳದ ಹೊಸ ವಾಕಿಟಾಕಿಗಳ ಆಂಟೆನಾ ನಮ್ಮ ಪ್ರಯೋಗಾಲಯದಲ್ಲಿ ಪಾಸಾಗಿದೆಯಂತೆ. ಆಗದೇ ಏನು? ಥರ್ಮಾಕೋಲ್ ಸ್ಟ್ಯಾಂಡಿನ ಮೇಲೆ ಮದುಮಗನ ಹಾಗೆ ಕೂರಿಸಿ ಅಳೆದಿದ್ದೇವಲ್ಲ! ಮೊನ್ನೆ ಸೆಟ್ಟುಗಳನ್ನು ತಂದುಕೊಟ್ಟ ಫೈರ್‌ಮ್ಯಾನ್ ಅದನ್ನು ನೋಡಿ ನಕ್ಕುಬಿಟ್ಟಿದ್ದ. "ಹೊಗೆಯಲ್ಲಿ ನಾವು ನಿಂತ್ಕೊಂಡು ಹೋಗಲ್ಲ ಮೇಡಂ, ತೆವಳ್ತೀವಿ."

ಆ ಮಾತು ತಲೆ ಕೊರೆಯುತ್ತಲೇ ಇತ್ತು. ಇವತ್ತು ಅವನಿಂದಲೇ ಒಂದು ಕೋಟು ತರಿಸಿ ತೊಟ್ಟೆ. ಮೇಲೆ ಒಂದು ಬಕೆಟ್ ನೀರು ಸುರಿದುಕೊಂಡು, ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ತೆವಳಿದೆ. ಸಿಗ್ನಲ್ ನೆಲಕಚ್ಚಿತು. ಒದ್ದೆ ಕೋಟು, ಮೈ, ಎರಡೂ ಸೇರಿ ಅದನ್ನು ನುಂಗಿಬಿಟ್ಟವು.

ಒದ್ದೆ ನೆಲ ನೋಡಿ ನಿರ್ದೇಶಕರು ಮುಖ ಸಿಂಡರಿಸಿದರು. "ನಿಯಮದಲ್ಲಿ ಸ್ಟ್ಯಾಂಡ್ ಅಂತಲೇ ಇದೆಯಲ್ಲಮ್ಮ."

"ಸ್ಟ್ಯಾಂಡು ಬೆಂಕಿಗೆ ನುಗ್ಗಲ್ಲ ಸಾರ್."

"ಹಠ ಜಾಸ್ತಿ ಆಯ್ತು ನಿಮ್ಮದು. ನಾಳೆ ಬೇರೆಯವರ ಕೈಲಿ ಸಹಿ ಹಾಕಿಸ್ತೀನಿ."

ಹಾಕಿಸಲಿ. ಕೋಟನ್ನು ಮನೆಗೇ ಹೊತ್ತು ತಂದಿದ್ದೇನೆ. ಬಚ್ಚಲಲ್ಲಿ ತೊಟ್ಟಿಕ್ಕುತ್ತಿದೆ, ಬೇಕೆಂದೇ ಹರವಿಲ್ಲ. ಸಹಿ ಹಾಕುವವರು ಯಾರೇ ಆಗಲಿ, ಮೊದಲು ಇದನ್ನು ತೊಟ್ಟು, ನೆಲದಲ್ಲಿ ತೆವಳುತ್ತಾ ಆ ವಾಕಿಟಾಕಿಯಲ್ಲೇ ನನ್ನನ್ನು ಕರೆಯಲಿ. ಅವರ ದನಿ ನನಗೆ ಕೇಳಿಸಿದರೆ ಪೆನ್ನು ನಾನೇ ಕೊಡುತ್ತೇನೆ.