ಹರಿಯುವಾಗಲೇ ತೂಗಬೇಕು

ಅಂಕಲೇಶ್ವರ, ಗುಜರಾತ್
೧೪ ನವೆಂಬರ್ ೧೯೮೨

ನನ್ನ ರೇಣವ್ವಾ,

ಇತ್ತ ಎಲ್ಲ ಕ್ಷೇಮ ಎಂದು ಬರೆಯಹೋದೆ, ಪೆನ್ನು ಮುಂದೆ ಸಾಗಲಿಲ್ಲ. "ಮನಿ ಸಿಗಲಿ ಬಿಡಲಿ, ನನ್ನ ಕರಕೊಂಡ ಹೋಗತೀರೋ ಇಲ್ಲೋ ಹೇಳ್ರಿ. ಇನ್ನ ನಾ ಕೇಳಂಗಿಲ್ಲ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಊಟ ಸೇರುತ್ತಿಲ್ಲ.

ಇಲ್ಲಿ ನನ್ನ ಕೆಲಸ ಏನೆಂದೂ ಕೇಳಿದ್ದೀ. ಖಾನಾಪುರದ ಹಾಲಿನ ಸಂಘದಲ್ಲಿ ನೀನು ಲ್ಯಾಕ್ಟೋಮೀಟರ್ ತೇಲಿಬಿಟ್ಟು, ನೀರು ಬೆರೆಸಿದವರನ್ನು ಹಿಡಿಯುತ್ತೀಯಲ್ಲ, ನನ್ನದೂ ಹೆಚ್ಚುಕಡಿಮೆ ಅದೇ. ಆದರೆ ನಿನ್ನ ಹಾಲು ಪಾತ್ರೆಯಲ್ಲಿ ಸುಮ್ಮನೆ ನಿಂತಿರುತ್ತದೆ. ನನ್ನದು ಪೆಟ್ರೋಲು ತೆಗೆಯುವ ಎಣ್ಣೆ, ನೆಲದಡಿ ಮೈಲಿಯಾಳದಿಂದ ನೀರಿನ ಜೊತೆ ಬೆರೆತು ಏರುತ್ತಲೇ ಇರುತ್ತದೆ. ನಿಲ್ಲಿಸಿದರೆ ನೀರು ಕೆಳಗೆ, ಎಣ್ಣೆ ಮೇಲೆ ಸರಿದು, ಯಾವ ಕಲ್ಲಿನ ಪದರದಿಂದ ಯಾವುದು ಬಂತೆಂದೇ ತಿಳಿಯುವುದಿಲ್ಲ. ಅದಕ್ಕೇ ಹರಿಯುವಾಗಲೇ ಬಾವಿಯೊಳಗೆ ತಂತಿ ಕಟ್ಟಿದ ಉಪಕರಣ ಇಳಿಸುತ್ತೇವೆ. ಅದು ಎರಡಡಿ ಅಂತರದಲ್ಲಿ ಎರಡು ಕಡೆ ಒತ್ತಡ ಅಳೆದು, ನಡುವಿನ ದ್ರವ ಎಷ್ಟು ಭಾರವೆಂದು ಹೇಳುತ್ತದೆ. ಭಾರವಾದರೆ ನೀರು, ಹಗುರಾದರೆ ಎಣ್ಣೆ. ತಂತಿ ಇಳಿಯುತ್ತಿರುವಾಗ ಕಣ್ಣು ಮುಚ್ಚಿದರೆ, ನಾನೇ ಮಲಪ್ರಭೆಯ ತಳದಲ್ಲಿ ಮೆಲ್ಲಗೆ ನಡೆಯುತ್ತಿದ್ದೇನೆ ಅನ್ನಿಸುತ್ತದೆ. ಮೇಲೆ ಬಿಸಿಲು ಅಲುಗಾಡುತ್ತದೆ, ದಂಡೆಯಲ್ಲಿ ನೀನು ಸೀರೆ ಹಿಂಡುತ್ತಿರುತ್ತೀ.

ಹೋದ ತಿಂಗಳು ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಜೋರಾಗಿ ಹರಿಯುವ ದ್ರವ ಕೊಳವೆಗೆ ಉಜ್ಜಿಕೊಂಡು, ಇರುವುದಕ್ಕಿಂತ ಭಾರವಾಗಿ ಕಾಣುತ್ತದೆ. ಆ ತಿಕ್ಕಾಟದ ಪಾಲನ್ನು ಲೆಕ್ಕದಿಂದ ಕಳೆಯಬೇಕು. ನಾನು ಕಳೆಯದೆ, ಇದು ನೀರೇ ಎಂದು ಬರೆದುಕೊಟ್ಟೆ. ಒಳ್ಳೆಯ ಎಣ್ಣೆಯ ಪದರಕ್ಕೆ ಸಿಮೆಂಟು ತುಂಬಿ ಮುಚ್ಚಿದರು. ಹೋದ ವಾರ ಸಾಹೇಬರ ಮುಂದೆ ತಪ್ಪು ಒಪ್ಪಿಕೊಂಡೆ, ಮನಸಾರೆ ಬೈದರು. ನಿನ್ನೆ ಅದೇ ಪದರವನ್ನು ಮತ್ತೆ ತೆರೆಸಿದರು, ಎಣ್ಣೆ ಬಂತು.

ಆಗ ಯುಗಾದಿಯ ದಿನ ನೆನಪಾಯಿತು. ನಿನ್ನ ಅಪ್ಪ ಗುರುಪುತ್ರಪ್ಪನವರು ಪಡಸಾಲೆಯಲ್ಲಿ ಕೂತಿದ್ದಾಗಲೇ, ವಡಗಾವಿಯ ಮಗ್ಗಗಳ ಸದ್ದಿನಲ್ಲಿ ಬೆಳೆದ ಈ ಗಂಟಲಿನಿಂದ, "ಗುಜರಾತಕ್ಕ ನನ್ನ ಕೂಡ ಬರತಿ ಏನ?" ಎಂದು ಒದರಿದ್ದೆ. ನೀನು ತಲೆ ತಗ್ಗಿಸಿ ಒಳಗೆ ಹೋದೆ. ಅಪ್ಪನ ಎದುರಿಗೆ ಯಾವ ಹೆಣ್ಣುಮಗಳು ಗಂಡನಿಗೆ ಹೂಂ ಅಂದಾಳು? ಅಷ್ಟೂ ಹೊಳೆಯದೆ, ನಿನಗೆ ಮನಸ್ಸಿಲ್ಲವೆಂದು ನಾನೇ ತೀರ್ಮಾನಿಸಿಬಿಟ್ಟೆ. ನೀನಿಲ್ಲದೆ ನನಗೆ ಆಗುವುದಿಲ್ಲ, ರೇಣವ್ವಾ. ಬಾ.

ನಿನ್ನ ಹಾದಿ ಕಾಯುವ,
ಉಳವಪ್ಪ

ತಾ.ಕ.: ಇಷ್ಟೆಲ್ಲ ಬರೆದೂ ಒಂದನ್ನು ಬಚ್ಚಿಟ್ಟಿದ್ದೆ. ಕ್ವಾರ್ಟರ್ಸ್ ಸಿಕ್ಕಿಲ್ಲ ಎಂದು ಮೂರು ಪತ್ರಗಳಲ್ಲಿ ಬರೆದದ್ದು ಸುಳ್ಳು, ಮತ್ತೆ ಕೇಳಿ ನಿನ್ನಿಂದ ಒಲ್ಲೆ ಅನ್ನಿಸಿಕೊಳ್ಳಲು ಅಂಜಿ ಹೇಳಿದ್ದು. ಯುಗಾದಿಯ ದಿನ ನಿನ್ನನ್ನು ಕೇಳುವಾಗಲೇ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು.