ದಯವಿಟ್ಟು ವಿಚಾರಿಸಿ

ಭೀಮನಬೀಡು
20-11-2024, ಬುಧವಾರ

ಮಗಳು ಫಾಯಿಜಾಗೆ ನಿನ್ನ ಗೆಳತಿ ಅನೂನ ಅಪ್ಪ ಮಾಡುವ ಆಶೀರ್ವಾದಗಳು.

ಈಗ ಸಂಜೆ ಆರೂವರೆ. ಡೈರಿಯಲ್ಲಿ ಹಾಲು ಅಳೆದು, ಕ್ಯಾನುಗಳನ್ನು ಗಾಡಿಗೆ ಹತ್ತಿಸಿ, ಈಗ ತಾನೇ ಬಂದು ಕೂತಿದ್ದೇನೆ. ಬೆಳಿಗ್ಗೆ ಗುಂಡ್ಲುಪೇಟೆಗೆ ಹೋಗಿದ್ದೆ. ನಿಮ್ಮ ಕಾಲೇಜಿನಲ್ಲಿ ಒಂದು ಅರ್ಜಿಗೆ ಸಹಿ ಮಾಡಿ, ನಿನ್ನ ಅಬ್ಬಾ ಖುದ್ದೂಸ್ ಭಾಯಿಯ ಹಾಸಿಗೆ ಅಂಗಡಿಯಲ್ಲಿ ಟೀ ಕುಡಿದು ಬಂದೆ. ದಿನಾ ಇಂಥದ್ದನ್ನು ನಾಲ್ಕು ಸಾಲು ನನಗಾಗಿ ಬರೆದಿಟ್ಟುಕೊಳ್ಳುವುದು ರೂಢಿ. ಇವತ್ತಿನದನ್ನು ನಿನಗೆ ಬರೆಯುತ್ತಿದ್ದೇನೆ.

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅನು ತೀರಿಕೊಂಡ ಮೇಲೆ ನೀನು ಎರಡು ಸಲ ಮನೆಗೆ ಬಂದೆ. ಎರಡು ಸಲವೂ ನಾನು ನಿನ್ನನ್ನು ಸರಿಯಾಗಿ ಮಾತನಾಡಿಸಲಿಲ್ಲ. ನಿನ್ನ ಮುಖ ನೋಡಿದರೆ ಪಕ್ಕದಲ್ಲಿ ಅವಳಿಲ್ಲದ್ದೇ ಕಾಣುತ್ತಿತ್ತು. ಈಗ ಮಾತನಾಡೋಣವೆಂದರೆ ನಿನ್ನ ಫೋನು ಆಫ್. ಖುದ್ದೂಸ್ ಭಾಯಿಯನ್ನು ಕೇಳಿದೆ.

“ಎಲ್ಲಿ ಮಾತಾಡ್ತಾಳೆ ಮಹದೇವಣ್ಣ? ಚಾಮರಾಜನಗರದಲ್ಲಿ ಅವಳ ಖಾಲಾ, ಅದೇ ಚಿಕ್ಕಮ್ಮನ ಮನೇಲಿ ಬಾಗ್ಲಾಕ್ಕೊಂಡು ಕೂತವ್ಳೆ. ಕಾಲೇಜೇ ಬೇಡಾಂತಾಳೆ. ಬೈದ್ರೂ ಅಳ್ತಾಳೆ, ಮುದ್ದು ಮಾಡಿದ್ರೂ ಅಳ್ತಾಳೆ. ಹತ್ತಿ ಹಿಂಜೋನು ನಾನು, ಇದನ್ನ ಹೆಂಗೆ ಹಿಂಜ್ಲಿ ಹೇಳಿ” ಎಂದರು. ನಗುತ್ತಲೇ ಹೇಳಿದರು, ಆದರೆ ಅವರ ಲೋಟದ ಟೀ ಹಾಗೇ ಆರಿಹೋಯಿತು. ಶುಕ್ರವಾರ ನಿನ್ನನ್ನು ನೋಡಲು ಬರುತ್ತಾರಂತೆ. ಈ ಕಾಗದ ಅವರ ಕೈಯಲ್ಲಿ ಬರುತ್ತದೆ.

ಮುಂದೆ ಬರೆಯುವುದರಲ್ಲಿ ನಿನಗೆ ಗೊತ್ತಿರುವುದೇ ಹೆಚ್ಚು. ಅವಳ ಹೆಸರು ಬರೆಯುವ ಆಸೆಗೆ ಬರೆಯುತ್ತೇನೆ, ಓದಿಕೋ.

ಹೋದ ವರ್ಷ ನಿಮ್ಮ ಕಾಲೇಜಿನಲ್ಲಿ ಹಾಜರಿ ಪುಸ್ತಕ ಬಿಟ್ಟು ಆ್ಯಪ್ ತಂದರಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ನಂಬರು ತೋರಿಸುವುದು, ನೀವು ಅದನ್ನು ಫೋನಿನಲ್ಲಿ ಒತ್ತುವುದು, ಒತ್ತದವರ ಮನೆಗೆ ಹನ್ನೊಂದು ಗಂಟೆಗೆ ಮೆಸೇಜು. ಮೊದಲು ಅದು ‘ಯುವರ್ ವಾರ್ಡ್ ಈಸ್ ಆಬ್ಸೆಂಟ್’ ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ನಮ್ಮೂರ ಗುರುಮಲ್ಲಯ್ಯ ಅದರಲ್ಲಿ ‘ವಾರ್ಡ್’ ಎಂಬುದೊಂದನ್ನೇ ಓದಿಕೊಂಡು, ಮಗ ವಾರ್ಡಿಗೆ ಸೇರಿದ್ದಾನೆಂದು ಆಸ್ಪತ್ರೆಗೆ ಓಡಿದ. ಮಂಚ ಮಂಚ ಹುಡುಕಿದ. ಮಗ ಬಸ್‌ಸ್ಟ್ಯಾಂಡಿನಲ್ಲಿ ಗೋಬಿ ತಿನ್ನುತ್ತಿದ್ದ. “ಏನ್ಲಾ, ನೀನು ಸತ್ತೇ ಓದೆ ಅಂತ ನಾನು ಅಳ್ತಾ ಬಂದ್ರೆ ಗೋಬಿ ತಿಂತಿದ್ದೀಯೇನ್ಲಾ!” ಎಂದು ಅಲ್ಲೇ ನಾಲ್ಕು ಬಿಟ್ಟನಂತೆ. ಅನು ಪಂಚೆ ಎತ್ತಿ ಕಟ್ಟಿದವಳ ಹಾಗೆ ನಿಂತು ಇದನ್ನು ಆಡಿ ತೋರಿಸಿದಳು. ನಾವು ಉಣ್ಣುವುದು ಬಿಟ್ಟು ನಕ್ಕೆವು.

ಅದಾದ ಮೇಲೆ ಸುಧಾಕರ್ ಮೇಷ್ಟ್ರು ಮೆಸೇಜನ್ನು ಕನ್ನಡದಲ್ಲಿ ಬರೆಯಲು ಅವಳಿಗೇ ಹೇಳಿದರು. ‘ಗೈರುಹಾಜರು’ ಎಂದು ಹಾಕು ಅಂದರಂತೆ. “ಅದು ನಮ್ಮವ್ವಂಗೆ ಅರ್ಥ ಆಗಲ್ಲ ಸಾರ್” ಎಂದು ಇವಳೇ ತನ್ನ ಮಾತಿನಲ್ಲಿ ಬರೆದಳು: ‘ನಿಮ್ಮ ಮಗ/ಮಗಳು ಇವತ್ತು ಕ್ಲಾಸಿಗೆ ಬಂದಿಲ್ಲ. ವಿಚಾರಿಸಿ.’ ವಿಚಾರಿಸಿ ಅಂದರೆ ಪೊಲೀಸಿನವರ ಹಾಗಿದೆ ಎಂದು ಅದಕ್ಕೆ ‘ದಯವಿಟ್ಟು’ ಸೇರಿಸಿದವಳು ನೀನು. ಮನೆಗೆ ಬಂದು ಅದನ್ನೂ ಹೇಳಿದ್ದಳು.

ಅವಳು ಕ್ಲಾಸು ತಪ್ಪಿಸಿದವಳಲ್ಲ. ಸೆಪ್ಟೆಂಬರಿನಲ್ಲಿ ಜ್ವರ ಎಂದು ಮಲಗಿದ ದಿನವೇ ನಮ್ಮ ಮನೆಗೆ ಆ ಮೆಸೇಜು ಮೊದಲ ಸಲ ಬಂದದ್ದು. ಮಲಗಿದ್ದಲ್ಲೇ ಓದಿ ನಕ್ಕಳು. “ಅಪ್ಪ, ನಾನ್ ಬರ್ದಿದ್ದು ನನ್ ಮೇಲೇ ಬಂತು. ವಿಚಾರಿಸ್ಬೇಕಂತೆ, ವಿಚಾರ್ಸು” ಎಂದಳು. ನಾನು ಗಟ್ಟಿ ದನಿ ಮಾಡಿ, “ಯಾಕಮ್ಮಿ, ಕಾಲೇಜ್ಗೆ ಓಗ್ನಿಲ್ಲ?” ಎಂದೆ. “ಜ್ವರ ಸಾ, ನಾಳೆ ಬತ್ತೀನಿ ಸಾ” ಎಂದಳು.

ಆಮೇಲೆ ನಾವೂ ವಾರ್ಡಿಗೆ ಹೋದೆವು. ಡೆಂಗಿ ಅಂದರು. ಮೈಸೂರಿನಲ್ಲಿ ಮಂಚ ಹುಡುಕುವ ಕಷ್ಟ ಇರಲಿಲ್ಲ. ಅವಳು ಬಾಗಿಲ ಪಕ್ಕದ್ದರಲ್ಲೇ ಇದ್ದಳು. ಐದನೇ ದಿನ ಅದನ್ನು ಖಾಲಿ ಮಾಡಿಕೊಂಡು ಬಂದೆವು.

ತಿಥಿ ಮುಗಿದ ಮಾರನೆಯ ದಿನ ಹನ್ನೊಂದಕ್ಕೆ, ಅಲ್ಲಿಯವರೆಗೂ ಯಾರೂ ನೋಡದಿದ್ದ, ಅನೂನ ಅವ್ವ ರಾಚಮ್ಮನ ಫೋನು ಸದ್ದು ಮಾಡಿತು. ಅವಳಿಗೆ ಓದಲು ಬರುವುದಿಲ್ಲ. “ಏನಂತೆ?” ಎಂದು ನನ್ನ ಕೈಗೆ ಕೊಟ್ಟಳು. ಓದಿದೆ. ಅನು ಬರೆದ ಅದೇ ಸಾಲು. ಸುಧಾಕರ್ ಮೇಷ್ಟ್ರಿಗೆ ಹೇಗೋ ತಿಳಿದು ಮನೆಗೇ ಬಂದರು. ಹೊಸ್ತಿಲಲ್ಲೇ ಕೈ ಮುಗಿದು, “ತಪ್ಪಾಯ್ತು ಅಮ್ಮ, ಆ ಮೆಸೇಜು ತಾನಾಗೇ ಹೋಗುತ್ತೆ, ಹೆಸರು ತೆಗೆಸಿಬಿಡ್ತೀನಿ” ಎಂದರು.

“ಬ್ಯಾಡ ಬುಡಿ ಸಾ” ಎಂದಳು ರಾಚಮ್ಮ. “ನೆಂಟ್ರು ಅವಳ ಹೆಸ್ರೆತ್ತದ್ನೇ ಬುಟ್ಬುಟ್ಟವ್ರೆ, ನಾನು ಅತ್ಕಬುಟ್ಟೇನು ಅಂತ. ಅದೊಂದಾದ್ರೂ ನಮ್ ಹೆಣ್ಣ ಇಚಾರ ಎತ್ಲಿ.”

ಅಂದಿನಿಂದ ಅದು ಬರುತ್ತಿತ್ತು. ಹನ್ನೊಂದರ ಹೊತ್ತಿಗೆ ಅವಳು ಕೆಲಸ ಬಿಟ್ಟು ಫೋನಿನ ಹತ್ತಿರ ಬಂದು ಕೂರುವಳು. ಸದ್ದಾದ ಮೇಲೆ ಎದ್ದು ಒಲೆಯ ಕಡೆ ಹೋಗುವಳು.

ಇವತ್ತು ಮೇಷ್ಟ್ರು ನಿನ್ನ ವಿಷಯ ಹೇಳಿದರು. ಹೋದ ತಿಂಗಳು ಒಂದು ಗುರುವಾರ ಅನು ಹೆಸರಿನ ಮುಂದೆ ‘ಹಾಜರು’ ಎಂದು ಬಂದಿತ್ತಂತೆ. ಅವಳ ಪಾಸ್‌ವರ್ಡು ಗೊತ್ತಿದ್ದ ನೀನೇ ಅವಳ ಹೆಸರಿನಲ್ಲೂ ನಂಬರು ಒತ್ತಿದ್ದೆಯಂತೆ. ದೆವ್ವ ಕ್ಲಾಸಿಗೆ ಬಂದಿದೆ ಎಂದು ಯಾರೋ ನಕ್ಕರಂತೆ. ಪ್ರಿನ್ಸಿಪಾಲರು ಕರೆಸಿ ಕೇಳಿದಾಗ, “ಪಕ್ಕದ ಜಾಗ ಖಾಲಿ ಇತ್ತು ಸಾರ್, ಕೈ ತಾನಾಗೇ ಹೋಯ್ತು” ಎಂದೆಯಂತೆ. ಮಾರನೆಯ ದಿನದಿಂದ ನೀನು ಕಾಲೇಜಿಗೆ ಹೋಗಿಲ್ಲ.

ನಾನು ಪ್ರಿನ್ಸಿಪಾಲರ ಮುಂದೆ ಮಾತನಾಡುವ ಆಳಲ್ಲ. ಆದರೂ, ಆ ಹುಡುಗಿಯ ಮೇಲೆ ನಮ್ಮದೇನೂ ದೂರಿಲ್ಲ, ನೀವೂ ಇಟ್ಟುಕೊಳ್ಳಬೇಡಿ ಎಂದೆ. ಅವರು ತಲೆ ಆಡಿಸಿದರು. “ಪರೀಕ್ಷೆ ಹತ್ರ ಬಂತು, ಬರೋಕೆ ಹೇಳಿ, ನಾನಿದ್ದೀನಿ” ಎಂದರು ಮೇಷ್ಟ್ರು.

ಆಮೇಲೆ ಅರ್ಜಿ ಮುಂದಿಟ್ಟರು. ಅನು ಹೆಸರು ತೆಗೆಯುವ ಅರ್ಜಿ. “ಅಮ್ಮನ್ನ ಕೇಳಿದ್ರಾ?” ಎಂದರು. “ಅವಳೇ ಕಳ್ಸಿದ್ದು ಸಾ” ಎಂದೆ. ಸಹಿ ಮಾಡಿದೆ. ಮೇಷ್ಟ್ರು ಕಂಪ್ಯೂಟರಿನಲ್ಲಿ ಏನೋ ಒತ್ತಿ, ನನ್ನ ಕಡೆ ನೋಡದೆ “ಆಯ್ತು” ಎಂದರು. ಅಷ್ಟೇ ಹೊತ್ತು ಹಿಡಿಯಿತು.

ಫಾಯಿಜಾ, ಊಟ ಸರಿಯಾಗಿ ಮಾಡು. ಖಾಲಾಗೆ ನಮಸ್ಕಾರ ತಿಳಿಸು. ಕಾಲೇಜಿಗೆ ಹೋಗು ತಾಯಿ. ಅವಳ ಜಾಗದಲ್ಲಿ ನಿನ್ನ ಬ್ಯಾಗು ಇಟ್ಟುಕೋ, ಖಾಲಿ ಬಿಡಬೇಡ. ಚೆನ್ನಾಗಿ ಓದಿ ನಿನ್ನ ಅಬ್ಬಾರ ಕಣ್ಣು ತಂಪು ಮಾಡು. ನಿನಗೆ ನೂರು ವರ್ಷ ಆಯಸ್ಸಾಗಲಿ.

ಇಂತಿ,
ಮಹದೇವಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದೇ ಸಹಿ ಮಾಡಿ ಮುಗಿಸಿದ್ದೆ. ರಾಚಮ್ಮ, “ಆ ಗುರ್ವಾರದ್ದು ಬರುದ್ರಾ?” ಎಂದು ಕೇಳಿದಳು. ಇಲ್ಲ ಎಂದೆ. “ಬರೀರಿ. ಆ ಕೂಸು ತಪ್ಪು ಮಾಡ್ದೆ ಅಂತ ಕುಂತದೆ” ಎಂದಳು.

ಆ ಗುರುವಾರ ಹನ್ನೊಂದಕ್ಕೆ ಮೆಸೇಜು ಬರಲಿಲ್ಲ. ನನಗದು ಗೊತ್ತಿರಲಿಲ್ಲ. ಸಂಜೆ ಡೈರಿಯಲ್ಲಿದ್ದಾಗ ಹಾಲು ತಂದ ಸಿದ್ದಯ್ಯ, “ಮಾದೇವಣ್ಣ, ನಿಮ್ಮನೇವ್ರು ಬಸ್‌ಸ್ಟಾಪಲ್ಲಿ ನಿಂತವ್ರೆ, ಊರ್ಗೇನಾದ್ರೂ ಹೊಂಟವ್ರಾ?” ಎಂದ. ಅಳತೆ ಬಿಟ್ಟು ಓಡಿದೆ. ಮಳೆ ಹನಿಯುತ್ತಿತ್ತು. ಅವಳು ತಲೆ ಬಾಚಿ ನಿಂತಿದ್ದಳು. ಕೈಯಲ್ಲಿ ಅನೂನ ಕೊಡೆ, ಮಡಿಸಿದ್ದು ಮಡಿಸಿದ ಹಾಗೆಯೇ. ತಾನು ನೆನೆಯುತ್ತಿದ್ದಳು.

“ಮೆಸೇಜು ಬರ್ನಿಲ್ಲ ಕಣ್ರೀ” ಎಂದಳು.

ಮನೆಗೆ ನಡಿ ಎಂದು ಕೈ ಹಿಡಿದೆ. ಅಷ್ಟರಲ್ಲಿ ಅನು ದಿನಾ ಬರುತ್ತಿದ್ದ ಗುಂಡ್ಲುಪೇಟೆ ಬಸ್ಸು ಬಂತು. ರಾಚಮ್ಮನನ್ನು ಕರೆದುಕೊಂಡು ಹೋಗಲು ಬಂದವನು ನಾನು. ಬಾಗಿಲು ತೆರೆದಾಗ ನಾನೂ ನೋಡಿದೆ ಮಗಳೇ. ಕೊನೆಯವರು ಇಳಿಯುವವರೆಗೂ ನೋಡಿದೆ.

ಮಾರನೆಯ ದಿನದಿಂದ ಮೆಸೇಜು ಮತ್ತೆ ಬರತೊಡಗಿತು. ಮೊನ್ನೆ ಅವಳೇ ಹೇಳಿದಳು: “ದಿನಾ ಬಂದಿಲ್ಲ ಬಂದಿಲ್ಲ ಅಂತಿದ್ರೆ, ಇನ್ನೂ ಬತ್ತಾಳೆ ಅಂತ್ಲೇ ಅನ್ಸದು. ತೆಗ್ಸ್‌ಬುಡಿ.” ಇವತ್ತು ನಿನ್ನ ವಿಷಯ ಕೇಳಿದ ಮೇಲೆ ಅಂದಳು: “ಫಾಯಿಜಂಗೆ ಹೇಳಿ, ಅವತ್ತೊಂದಿನ ಸಂಜೆಗಂಟ ನಮ್ ಹೆಣ್ಣು ಕ್ಲಾಸ್ನಲ್ಲಿತ್ತು ಅಂತ.”

ನಾಳೆ ಗುರುವಾರ. ಹನ್ನೊಂದು ಗಂಟೆಗೆ ಮೆಸೇಜು ಬರುವುದಿಲ್ಲ.