ಚಾಲೂ ಇದ್ದೂ ಕಾಣೆಯಾದ ಆರು ಕಂಪ್ಯೂಟರುಗಳು

ಬದುಕಿರುವ ಯಂತ್ರಗಳ ಮರಣಪತ್ರಕ್ಕೆ ಸಹಿ ಹಾಕುವ ಮಾನ್ಯ ವಿಲೇವಾರಿ ಅಧಿಕಾರಿಗಳೇ,

ಗುತ್ತಿಗಾರಿನಿಂದ ಒಳಗೆ, ಜೀಪು ಮಾತ್ರ ಬರುವ ನಮ್ಮೂರಿನ ಗ್ರಂಥಾಲಯದ ಆರು ಕಂಪ್ಯೂಟರುಗಳನ್ನು ಬರುವ ಶುಕ್ರವಾರ ಗುಜರಿ ಲಾರಿಗೆ ಹೇರಬೇಕೆಂದು ತಾವು ಅಪ್ಪಣೆ ಹೊರಡಿಸಿದ್ದೀರಿ. ಆರೂ ಚಾಲೂ ಇವೆ. ಈ ಪತ್ರವನ್ನು ಬರೆಯುತ್ತಿರುವುದೂ ಅವುಗಳಲ್ಲೊಂದರಲ್ಲಿ. ಆದ್ದರಿಂದ ಇದನ್ನು ಮೃತರು ಖುದ್ದಾಗಿ ಸಲ್ಲಿಸಿದ ಮನವಿ ಎಂದು ಪರಿಗಣಿಸಬೇಕಾಗಿ ವಿನಂತಿ.

ಇವು ಒಮ್ಮೆ ಸತ್ತದ್ದು ನಿಜ. ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಕಾಲ ಮುಗಿಯಿತು, ಹೊಸ ಆವೃತ್ತಿ ಇವುಗಳ ವಯಸ್ಸು ನೋಡಿ ಮೂಸಿಯೂ ನೋಡಲಿಲ್ಲ. ಒಂದು ವರ್ಷ ಬೆಡ್‌ಶೀಟ್ ಹೊದ್ದು ಮಲಗಿದ್ದವು. ನಾನು ಒಂದು ಪೆನ್‌ಡ್ರೈವ್ ತಂದು ಆರಕ್ಕೂ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಗ್ರಂಥಪಾಲಕಿ ವಾರಿಜಾಕ್ಷಿ ಅಕ್ಕನಿಗೆ ಗಾಬರಿ.

"ಇದು ಎಂತ ಮಾರಾಯ, ಕಳ್ಳಮಾಲಾ?"

"ಅಲ್ಲ ಅಕ್ಕ, ಧರ್ಮಕ್ಕೆ ಸಿಗುದು."

"ಧರ್ಮಕ್ಕೆ ಸಿಗುದಾದ್ರೆ ಸರ್ಕಾರದವರು ಯಾಕೆ ತಗೊಳ್ಳುದಿಲ್ಲ?"

ಇದು ನನ್ನ ವ್ಯಾಪ್ತಿಗೆ ಬಾರದ ಕಾರಣ ಸದರಿ ಪ್ರಶ್ನೆಯನ್ನು ತಮ್ಮ ಕಚೇರಿಗೆ ವರ್ಗಾಯಿಸಿದ್ದೇನೆ.

ಮಾನ್ಯರೇ, ದೂರದೇಶದಲ್ಲೊಂದು ಖಾಸಗಿ ಗೇಮಿಂಗ್ ಕಂಪನಿ ಇದೆ. ಆಟ ಮಾರುವುದು ಅದರ ಕಸುಬು, ಲಾಭ ಅದರ ದೇವರು. ತನ್ನ ಆಟದಂಗಡಿ ಬೇರೊಂದು ಕಂಪನಿಯ ಆಪರೇಟಿಂಗ್ ಸಿಸ್ಟಮ್ ಎಂಬ ಜಾಗದಲ್ಲಿ ನಿಂತಿದೆ, ನಾಳೆ ಎಬ್ಬಿಸಿದರೆ ಗತಿಯೇನು ಎಂಬ ಹೆದರಿಕೆಯಿಂದ ಅದು ಲಿನಕ್ಸ್ ಕೆಲಸಗಾರರಿಗೆ ಹಣ ಕೊಟ್ಟಿತು. ಆದರೆ ಮಾಡಿದ ಕೆಲಸವನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ತೆರೆದಿಟ್ಟಿತು. ತಾನೇ ತಯಾರಿಸಿದ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೂ ಕೊಂಡವರು ತಮಗೆ ಬೇಕಾದ ಸಿಸ್ಟಮ್ ಹಾಕಿಕೊಳ್ಳಬಹುದು. ಹಳೆಯ ಗ್ರಾಫಿಕ್ಸ್ ಚಿಪ್‌ಗಳೂ ಇನ್ನಷ್ಟು ದಿನ ಓಡುವಂತೆ ಕೂತು ದುರಸ್ತಿ ಮಾಡುವವರಿಗೆ ಸಂಬಳ ಕೊಡುವ ಹುಚ್ಚು ಬೇರೆ. ಆ ದುರಸ್ತಿಯ ಒಂದು ಪಾಲು ಲಿನಕ್ಸ್ ಜೊತೆಗೆ ನಮ್ಮೂರಿಗೂ ಬಂತು. ನಾನು ಆ ಕಂಪನಿಯ ಭಕ್ತನಲ್ಲ. ಆದರೂ ಕೇಳುತ್ತೇನೆ: ನಮ್ಮ ಹೆಸರೂ ಗೊತ್ತಿಲ್ಲದ ವ್ಯಾಪಾರಿ ನಮ್ಮ ಹಳೆಯ ಯಂತ್ರವನ್ನು ಬದುಕಿಸಬಹುದಾದರೆ, ನಮ್ಮ ಸೇವೆಗೆಂದೇ ಇರುವ ತಮ್ಮ ಕಚೇರಿ ಅದನ್ನು ಹೂಳಲು ಇಷ್ಟು ಅವಸರಪಡಬೇಕೇ?

ತಮ್ಮ ತಪಾಸಣೆಯವರು ಬಂದ ದಿನ ನಾನೂ ಅಲ್ಲಿದ್ದೆ. ಅವರು ಸ್ಟಾಕ್ ರಿಜಿಸ್ಟರ್ ಬಿಡಿಸಿದರು. ಪ್ರತಿ ಕಂಪ್ಯೂಟರಿನ ಎದುರು ಹಳೆಯ ಸಿಸ್ಟಮ್‌ನ ಹೆಸರು ಬರೆದಿತ್ತು. ಪರದೆಯ ಮೇಲೆ ಬೇರೆ ಹೆಸರು.

"ರಿಜಿಸ್ಟರಲ್ಲಿರುವ ಆರು ಕಂಪ್ಯೂಟರ್ ಎಲ್ಲಿವೆಯಮ್ಮ?"

"ಇದೇ ಸರ್, ನಿಮ್ಮ ಎದುರೇ ಉಂಟಲ್ಲ," ಎಂದರು ವಾರಿಜಾಕ್ಷಿ ಅಕ್ಕ.

"ಇದು ಬೇರೆ."

"ಡಬ್ಬ ಅದೇ ಸರ್. ನಾನೇ ದಿನಾ ಒರೆಸುದು."

ಕೊನೆಗೆ ವರದಿಯಲ್ಲಿ ಬರೆದದ್ದು: ಆರು ಕಂಪ್ಯೂಟರ್ ಕಾಣೆ, ಅಪರಿಚಿತ ಆರು ಪತ್ತೆ.

ಇಲ್ಲಿ ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಆರರ ಫೋಟೊ ಹಾಕಿ 'ಕಾಣೆಯಾಗಿದ್ದಾರೆ' ಎಂಬ ಪೋಸ್ಟರ್ ಮಾಡಿದೆ. ಬಣ್ಣ ಕಪ್ಪು, ವಯಸ್ಸು ಹನ್ನೊಂದು, ಕೊನೆಯದಾಗಿ ಕಂಡದ್ದು ಇದೇ ಮೇಜಿನ ಮೇಲೆ. ಪಂಜ ಪೇಟೆಯಲ್ಲಿ, ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದೆ. ಪುತ್ತೂರಿನವರೆಗೆ ವಾಟ್ಸಾಪಿನಲ್ಲಿ ಓಡಿತು. ಸುಳ್ಯದಲ್ಲಿ ಗುರುತಿಲ್ಲದವರೂ ನನಗೆ ಚಹಾ ಕುಡಿಸಿದರು. ನಾಲ್ಕನೇ ದಿನ ತಮ್ಮ ಅಪ್ಪಣೆ ಬಂತು. ಅಲ್ಲಿಯವರೆಗೆ ಕಡತದೊಳಗೆ ನಿದ್ದೆ ಮಾಡುತ್ತಿದ್ದ ವಿಷಯವನ್ನು ತಟ್ಟಿ ಎಬ್ಬಿಸಿದವನು ನಾನೇ.

ಮೂರನೇ ಕಂಪ್ಯೂಟರಿನಲ್ಲಿ ದಿನವೂ ಕೂರುವವಳು ಭವಿತಾ. ಪಿಯುಸಿ ಮುಗಿಸಿದ್ದಾಳೆ, ತಾಯಿ ಸೇವಂತಿ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ, ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅವಳು ತಾನೇ ಒಂದು ಆಟ ಕಟ್ಟುತ್ತಿದ್ದಾಳೆ: ತೋಟಕ್ಕೆ ಇಳಿಯುವ ಆನೆಯನ್ನು ನೋಯಿಸದೆ ಕಾಡಿಗೆ ಕಳಿಸಬೇಕು. ಗೇಮ್ ಡಿಸೈನ್ ಕಲಿಸುವ ಕಾಲೇಜಿಗೆ ಈ ತಿಂಗಳ ಮೂವತ್ತರೊಳಗೆ ಅದನ್ನು ಮುಗಿಸಿ ಕಳಿಸಬೇಕು, ಇಲ್ಲವಾದರೆ ಸೀಟಿಲ್ಲ. ನಾನು ಆಡಿ ನೋಡಿದೆ, ಹನ್ನೆರಡು ಸಲವೂ ಆನೆಯೇ ಗೆದ್ದಿತು.

"ಮನುಷ್ಯ ಗೆಲ್ಲುದು ಯಾವಾಗ?" ಎಂದೆ.

"ಗೆದ್ದವರನ್ನು ನೀವು ನೋಡಿದ್ದೀರಾ ಅಣ್ಣ?" ಎಂದಳು.

ಅಪ್ಪಣೆ ಬಂದ ದಿನ ಅವಳು ನನ್ನನ್ನು ಬೈಯಲಿಲ್ಲ. "ಪೋಸ್ಟರ್ ನೋಡಿ ಎಲ್ಲರೂ ನಗಾಡಿದ್ರು ಅಣ್ಣ. ಇನ್ನು ನಾನು ಎಲ್ಲಿ ಕೂತುಕೊಳ್ಳುದು?" ಎಂದಷ್ಟೇ ಕೇಳಿದಳು. ಅದಕ್ಕೇ ಈ ಪತ್ರ ಬರೆಯಲು ಕೂತೆ.

ಅಪ್ಪಣೆಯನ್ನು ಹಿಂತೆಗೆಯಿರಿ. ರಿಜಿಸ್ಟರಿನಲ್ಲಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆಯಲು ಒಂದು ಪೆನ್ನು ಸಾಕು, ಪೆನ್ನು ನಾನು ಕೊಡುತ್ತೇನೆ. ಶಿಕ್ಷೆಯನ್ನು ನನಗೆ ಕೊಡಿ. ತಾವು ಹಿಂತೆಗೆಯುವುದಿಲ್ಲ ಎಂಬುದು ನನಗೆ ಗೊತ್ತು, ಲಾರಿ ಗೊತ್ತುಮಾಡಿ ಆಗಿದೆಯಂತೆ. ಹಾಗಿದ್ದರೆ ಒಂದು ಕಾಗದವನ್ನಾದರೂ ಕೊಡಿ: 'ಮೂರನೇ ಕಂಪ್ಯೂಟರನ್ನು ನಾವು ಒಯ್ಯುವಾಗ ಅದು ಚಾಲೂ ಇತ್ತು, ಒಂದು ಹುಡುಗಿ ಅದರ ಮುಂದೆ ಕೂತಿದ್ದಳು.' ಕೆಳಗೆ ಸಹಿ, ಮೊಹರು. ಆಟದ ಬದಲಿಗೆ ಅವಳು ಅದನ್ನೇ ಕಾಲೇಜಿಗೆ ಕಳಿಸುತ್ತಾಳೆ.

ಇಂತಿ,
ನಗಿಸಲು ಹೋಗಿ ಲಾರಿ ಕರೆಸಿದ,
ದಿಶಾಂತ್